ಎರೆಹೊಲದ ದಾರಿಗೆ ಬಂದ ಬಸ್ಸು

ನವಲಗುಂದಕ್ಕೆ ರೈಲು ಬರಲಿಲ್ಲ. ಕಲಘಟಗಿಗೂ ಬರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯನ್ನು ನಡುವಿಟ್ಟುಕೊಂಡು ಹಳಿ ಹಾಸಿದಾಗ ಗದಗಿನ ಕಡೆಯ ಮಾರ್ಗ ಅಣ್ಣಿಗೇರಿಯನ್ನೂ ಹರಿಹರದ ಕಡೆಯ ಮಾರ್ಗ ಕುಂದಗೋಳವನ್ನೂ ಮುಟ್ಟಿ ಹೋದವು. ಉಳಿದೆರಡು ಊರುಗಳು ಚಕ್ಕಡಿಯನ್ನೇ ನಂಬಿಕೊಂಡವು. ಕಲಘಟಗಿ ಮೇಲೆ ಹಾಯಬೇಕಿದ್ದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1997–98ರಲ್ಲಿ ಮಂಜೂರಾಯಿತಾದರೂ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಕಾಲು ಶತಮಾನ ಕಳೆಯಿತು. ಹೀಗಾಗಿ ಧಾರವಾಡ ಜಿಲ್ಲೆಯ ಹಳ್ಳಿಗಳ ಸಾರಿಗೆಯ ಚರಿತ್ರೆ ಅಂದರೆ ಬಹುಮಟ್ಟಿಗೆ ಬಸ್ಸಿನ ಚರಿತ್ರೆ. ಸಾರಿಗೆ ಸಂಸ್ಥೆಯ ಕಡತ ಹಿಡಿದು ಅದನ್ನು ಬರೆದರೆ ಡಿಪೋ, ಷೆಡ್ಯೂಲು, ಕಿಲೋಮೀಟರುಗಳ ಲೆಕ್ಕ ಸಿಗುತ್ತದೆ. ಆದರೆ ಈ ಭಾಗದಲ್ಲಿ ಬಸ್ಸು ತಾನಾಗಿ ಬಂದ ಊರು ಕಡಿಮೆ. ಮನವಿ ಕೊಟ್ಟು, ಅಲೆದಾಡಿ, ಕೆಲವೊಮ್ಮೆ ದಾರಿಗೆ ಅಡ್ಡ ಕೂತು ತರಿಸಿಕೊಂಡ ಊರುಗಳೇ ಹೆಚ್ಚು. ಹಾಗೆ ಕೇಳಿದವರ ಕಡೆಯಿಂದ ಈ ಚರಿತ್ರೆಯನ್ನು ನೋಡಬೇಕೆಂಬುದು ನನ್ನ ಆಸೆ.

ಸಂಸ್ಥೆಯ ವಂಶಾವಳಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಮರುವರ್ಷ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕುಂದಗೋಳ ಜಮಖಂಡಿ ಸಂಸ್ಥಾನದ ತುಂಡಾಗಿದ್ದು, ಸಂಸ್ಥಾನಗಳು ವಿಲೀನವಾದ 1948ರಲ್ಲಿ ಆ ಪ್ರಾಂತಕ್ಕೆ ಸೇರಿತು. ಅದೇ ವರ್ಷ ಜೂನ್ 1ರಂದು ಪುಣೆ–ಅಹಮದನಗರ ನಡುವೆ ಮುಂಬಯಿ ಸರ್ಕಾರದ ಮೊದಲ ಬಸ್ಸು ಓಡಿತು. ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹುಟ್ಟಿತು. ನಮ್ಮ ಜಿಲ್ಲೆ ಮೊದಲು ಮುಂಬಯಿಯ ಆ ವ್ಯವಸ್ಥೆಯೊಳಗೆ ಇದ್ದು, 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರಿನ ವ್ಯವಸ್ಥೆಗೆ ಬಂತು. 1961ರ ಆಗಸ್ಟ್ 1ರಂದು ಆ ಇಲಾಖೆ ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ ನಿಗಮದ ಹೆಸರೂ ಬದಲಾಯಿತು.

1997ರಲ್ಲಿ ಎರಡು ಸಂಗತಿಗಳು ಬೆನ್ನಿಗೆ ಬೆನ್ನು ಹಚ್ಚಿ ನಡೆದವು. ಆಗಸ್ಟಿನಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾಗಿ ಧಾರವಾಡ ಚಿಕ್ಕದಾಯಿತು. ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ಈ ವಿಭಜನೆಯ ಆಡಳಿತಾತ್ಮಕ ಕಾರಣಗಳನ್ನು ಬಲ್ಲವರು ಬರೆದಾರು. ಹಳ್ಳಿಯವರ ಮಟ್ಟಿಗೆ ಆದ ಲಾಭ ಒಂದೇ, ಅದು ದೊಡ್ಡದು. ಬೆಂಗಳೂರಿನವರೆಗೆ ಹೋಗಬೇಕಿದ್ದ ಮನವಿ ಪತ್ರವನ್ನು ಈಗ ಬೆಳಗಿನ ಬಸ್ಸಿಗೆ ಹೋಗಿ ಗೋಕುಲ ರಸ್ತೆಯ ಕಚೇರಿಗೆ ಕೊಟ್ಟು, ಮಧ್ಯಾಹ್ನದೊಳಗೆ ಹೊಲಕ್ಕೆ ಮರಳಬಹುದಾಯಿತು.

ಕೇಳುವವರ ಹಕ್ಕು ಎಲ್ಲಿಂದ ಬಂತು ಎಂಬುದಕ್ಕೆ ಕಾಯ್ದೆಯನ್ನೇ ನೋಡಬೇಕು. ನಿಗಮಗಳೆಲ್ಲ ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಮೇಲೆ. ಅದರ 18ನೇ ಕಲಮು ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ, ಸರಿಯಾಗಿ ಹೊಂದಿಸಿದ ರಸ್ತೆ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. ನಾಲ್ಕು ಕಲಮು ದಾಟಿ 22ಕ್ಕೆ ಬಂದರೆ, ನಿಗಮ ವ್ಯಾಪಾರದ ತತ್ವಗಳ ಮೇಲೆ ನಡೆಯಬೇಕು ಎಂದಿದೆ. ಎಪ್ಪತ್ತು ವರ್ಷಗಳಿಂದ ಹಳ್ಳಿಯ ಬಸ್ಸಿನ ಜಗಳವೆಲ್ಲ ಈ ಎರಡು ಕಲಮುಗಳ ನಡುವಿನ ಜಗಳ. ಕಿಲೋಮೀಟರಿಗೆ ಎಷ್ಟು ಗಳಿಕೆ ಎಂದು ಡಿಪೋದಲ್ಲಿ ಲೆಕ್ಕ ಹಾಕಿದಾಗ ಮಾತಾಡುವುದು 22ನೇ ಕಲಮು. ‘ನಮ್ಮ ಊರಿಗೆ ಸಂಜೀ ಬಸ್ ಇಲ್ರೀ, ಹುಡುಗ್ಯಾರು ಹೆಂಗ ಬರಬೇಕು?’ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತ ತಾಯಿ ಕೇಳುವಾಗ, ಕಾಯ್ದೆಯ ಹೆಸರು ಕೇಳಿರದಿದ್ದರೂ, ಆಕೆ ಮಾತಾಡುತ್ತಿರುವುದು 18ನೇ ಕಲಮಿನ ಪರವಾಗಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ನಾಲ್ಕು ತಾಲೂಕುಗಳ ಜನ ತಲೆಮಾರುಗಳ ಕಾಲ ಬಿಡದೆ ಕೇಳದೇ ಇದ್ದರೆ 18ನೇ ಕಲಮು ಪುಸ್ತಕದಲ್ಲೇ ಉಳಿಯುತ್ತಿತ್ತು ಎಂಬುದು ನನ್ನ ದೃಢವಾದ ನಂಬಿಕೆ.

ಎರೆಭೂಮಿಯ ಸ್ವಭಾವ ಗೊತ್ತಿಲ್ಲದವರಿಗೆ ಈ ಕೇಳಿಕೆಯ ಕಷ್ಟ ಅರ್ಥವಾಗುವುದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕರಿಮಣ್ಣು ಹತ್ತಿ, ಮೆಣಸಿನಕಾಯಿ, ಹೆಸರು, ಕಡಲೆಗೆ ತಾಯಿ ಇದ್ದಂತೆ. ಮಳೆ ಬಿದ್ದರೆ ಅದೇ ಮಣ್ಣು ಗಾಲಿಯನ್ನು ಅಚ್ಚಿನ ತನಕ ಹಿಡಿದು ಕೂರಿಸುತ್ತದೆ. ಬೇಸಿಗೆಯಲ್ಲಿ ಅಂಗೈಯಗಲ ಬಿರಿಯುತ್ತದೆ, ಅದರ ಮೇಲೆ ಹಾಕಿದ ಡಾಂಬರು ಎರಡು ಮಳೆಗಾಲಕ್ಕೆ ಅಲೆಅಲೆಯಾಗುತ್ತದೆ. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ವರ್ಷದ ಬಹುಪಾಲು ಮೌನವಾಗಿದ್ದು, ಬಂದಾಗ ಊರ ದಾರಿಯನ್ನೇ ನುಂಗುತ್ತವೆ. 2019ರ ಆಗಸ್ಟ್ ನೆರೆಯಲ್ಲಿ ನವಲಗುಂದ ಭಾಗದ ಹಳ್ಳಿಗಳು ಹಾಗೆ ಕಡಿದುಹೋಗಿದ್ದವು. ಕಲಘಟಗಿಯ ಕತೆ ಬೇರೆ. ಅಲ್ಲಿ ಮಲೆನಾಡಿನ ಸೆರಗು ಶುರುವಾಗುತ್ತದೆ. ಚಿಕ್ಕ ಚಿಕ್ಕ ಊರುಗಳು ಚದುರಿಕೊಂಡಿವೆ, ಒಂದು ಬಸ್ಸು ತುಂಬುವಷ್ಟು ಜನ ಒಂದೇ ಊರಲ್ಲಿ ಸಿಗುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಕಲಘಟಗಿ, ಕುಂದಗೋಳ, ನವಲಗುಂದ ಮೂರೂ ಇದ್ದವು. ಅಣ್ಣಿಗೇರಿ ಆಗಿನ್ನೂ ನವಲಗುಂದ ತಾಲೂಕಿನೊಳಗೇ ಇತ್ತು.

ಹೀಗಾಗಿ ‘ಬಸ್ ಬಿಡ್ರಿ’ ಎಂಬ ಮನವಿಗೆ ಬರುತ್ತಿದ್ದ ಮೊದಲ ಉತ್ತರ ‘ರಸ್ತೆ ಸರಿ ಇಲ್ಲ’ ಎಂಬುದು. ಆ ಉತ್ತರ ಪಡೆದ ಊರವರು ಸುಮ್ಮನೆ ಕೂಡಲಿಲ್ಲ. ಲೋಕೋಪಯೋಗಿ ಇಲಾಖೆಗೆ ಒಂದು ಅರ್ಜಿ, ಜಿಲ್ಲಾ ಪಂಚಾಯ್ತಿಗೆ ಒಂದು ಅರ್ಜಿ. ದಾರಿಯ ಎರಡೂ ಕಡೆ ಚಾಚಿದ ಜಾಲಿಯನ್ನು ಓಣಿಯ ಹುಡುಗರು ಸೇರಿ ಕಡಿದು ಹಾಕುವುದು, ಬಸ್ಸಿನ ಮಾಡಿಗೆ ತಾಗುವ ವಿದ್ಯುತ್ ತಂತಿಯನ್ನು ಎತ್ತರಿಸಲು ಲೈನ್‌ಮನ್ನನ ಬೆನ್ನು ಹತ್ತುವುದು. ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಬಸ್ಸನ್ನು ತಿರುಗಿಸುವ ಜಾಗದ್ದು. ಊರ ಅಗಸಿಯ ಮುಂದೆ ದೊಡ್ಡ ಗಾಡಿ ತಿರುಗುವಷ್ಟು ಬಯಲು ಇಲ್ಲದಿದ್ದರೆ ಡ್ರೈವರ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಯಾರೋ ಒಬ್ಬ ರೈತ ತನ್ನ ಹೊಲದ ಮೂಲೆಯಲ್ಲಿ ಒಂದೆರಡು ಗುಂಟೆ ಬಿಟ್ಟುಕೊಟ್ಟರೆ ಆ ಊರಿಗೆ ಬಸ್ಸು ಬರುತ್ತದೆ. ಇಂಥ ದಾನಗಳಿಗೆ ಶಿಲಾಫಲಕ ಇರುವುದಿಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಬಂದು ರಸ್ತೆಯ ನೆಪ ಬಹಳ ಕಡೆ ಕರಗಿತು. ರಸ್ತೆ ಬಂದ ಮೇಲೂ ಬಸ್ಸು ಬಾರದ ಊರುಗಳ ಪ್ರಶ್ನೆ ಅಲ್ಲಿಂದ ಮುಂದೆ ಶುರುವಾಯಿತು.

ಹಳ್ಳಿಯವರ ಬೇಡಿಕೆಗಳಲ್ಲೆಲ್ಲ ಅಮೂಲ್ಯವಾದದ್ದು ವಸ್ತಿ ಬಸ್ಸು. ರಾತ್ರಿ ಊರಿಗೆ ಬಂದು ಅಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಗಾಡಿ ಅದು. ಹುಬ್ಬಳ್ಳಿಯಿಂದ ಕೊನೆಯ ಟ್ರಿಪ್ಪಿಗೆ ಬಂದ ಬಸ್ಸು ಊರ ಗುಡಿಯ ಮುಂದೆ ನಿಲ್ಲುತ್ತದೆ. ಜನ ಇಳಿದ ಮೇಲೆ ಕಂಡಕ್ಟರ್ ಒಳಗಿನ ದೀಪದ ಬೆಳಕಿನಲ್ಲಿ ಚಿಲ್ಲರೆಯನ್ನು ಬೇರೆ, ನೋಟನ್ನು ಬೇರೆ ಜೋಡಿಸಿ, ವೇಬಿಲ್ ಮುಗಿಸಿ, ಚೀಲವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಸೀಟಿನ ಮೇಲೆಯೇ ಅಡ್ಡಾಗುತ್ತಾರೆ. ಪಂಚಾಯ್ತಿಯವರು ಕೋಣೆ ಕೊಟ್ಟ ಊರಲ್ಲಿ ಮಲಗಲು ಒಂದು ಚಾಪೆಯಾದರೂ ಸಿಗುತ್ತದೆ. ಯಾರದೋ ಮನೆಯಿಂದ ರೊಟ್ಟಿ ಪಲ್ಯೆ ಬರುತ್ತದೆ, ಬೆಳಿಗ್ಗೆ ಮುಖ ತೊಳೆಯಲು ಒಂದು ಕೊಡ ನೀರು ಬರುತ್ತದೆ. ವಸ್ತಿ ಬಸ್ಸನ್ನು ಉಳಿಸಿಕೊಂಡ ಊರುಗಳು ಬಹುಪಾಲು ಸಿಬ್ಬಂದಿಯನ್ನು ಚೆನ್ನಾಗಿ ನೋಡಿಕೊಂಡ ಊರುಗಳು. ಈ ಮಾತನ್ನು ಯಾವ ವಾರ್ಷಿಕ ವರದಿಯೂ ಬರೆಯುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಸುಕಿನಲ್ಲಿ ಹೊರಡುವ ಅದೇ ಬಸ್ಸಿಗೆ ಹಾಲಿನ ಕ್ಯಾನು ಬರುತ್ತದೆ, ಸೊಪ್ಪಿನ ಗಂಟು ಬರುತ್ತದೆ, ಜಿಲ್ಲಾ ಆಸ್ಪತ್ರೆಗೆ ಹೊರಟ ಬಸುರಿ ಬರುತ್ತಾಳೆ. ಜೊತೆಗೆ ಬುತ್ತಿ ಬರುತ್ತದೆ. ಧಾರವಾಡ, ಹುಬ್ಬಳ್ಳಿಗಳಲ್ಲಿ ಬಾಡಿಗೆ ಖೋಲಿ ಹಿಡಿದು ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ರೊಟ್ಟಿ, ಪಲ್ಯೆ, ಶೇಂಗಾ ಚಟ್ನಿ ಕಟ್ಟಿ ಬಸ್ಸಿಗೆ ಕೊಡುವ ರೂಢಿ ಈ ಭಾಗದಲ್ಲಿ ಹಳೆಯದು. ಅರಿವೆಯಲ್ಲಿ ಬಿಗಿದ ಡಬ್ಬಿ, ಅದರ ಮೇಲೆ ಹುಡುಗನ ಹೆಸರಿನ ಚೀಟಿ. ಆ ಕಡೆ ಬಸ್ ನಿಲ್ದಾಣದಲ್ಲಿ ಹುಡುಗ ಕಾದಿದ್ದು ಡಬ್ಬಿ ಇಳಿಸಿಕೊಂಡು ನಿನ್ನೆಯ ಖಾಲಿ ಡಬ್ಬಿಯನ್ನು ಮರಳಿ ಕೊಡುತ್ತಾನೆ. ಮೆಸ್ಸಿಗೆ ಕೊಡುವ ಹಣವಿಲ್ಲದೆ ಬುತ್ತಿಯ ಮೇಲೆಯೇ ಡಿಗ್ರಿ ಮುಗಿಸಿ ಮೇಷ್ಟ್ರಾದವರು, ಗುಮಾಸ್ತರಾದವರು, ಅಧಿಕಾರಿಗಳಾದವರು ಈ ಜಿಲ್ಲೆಯಲ್ಲಿ ಊರಿಗೊಬ್ಬರಾದರೂ ಸಿಕ್ಕಾರು. ಬೆಳಗಿನ ಬಸ್ಸನ್ನು ಗಳಿಕೆ ಕಡಿಮೆ ಎಂದು ನಿಲ್ಲಿಸಿದಾಗ ಆ ಡಬ್ಬಿಯೂ ನಿಲ್ಲುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಡಬ್ಬಿಗೆ ಜಾಗವಿಲ್ಲ.

ಕೇಳುವ ರೂಢಿ ಈ ನೆಲಕ್ಕೆ ಹೊಸದಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದು ಗೋಲಿಬಾರಿಗೆ ಎದೆಗೊಟ್ಟದ್ದು ರಾಜ್ಯದ ರೈತ ಚಳವಳಿಯ ದಿಕ್ಕನ್ನೇ ಬದಲಿಸಿತು. ಕಳಸಾ–ಬಂಡೂರಿ ನೀರಿಗಾಗಿ 2015ರಿಂದ ನಡೆದ ಹೋರಾಟವೂ ಇದೇ ಭಾಗದ್ದು. ಸಾರಿಗೆಗಾಗಿ ನಡೆದ ಹೋರಾಟಗಳಿಗೆ ಅಂಥ ಒಂದು ದಿನಾಂಕವಿಲ್ಲ, ಹುತಾತ್ಮ ಸ್ತಂಭವಿಲ್ಲ. ಅವು ಚಿಕ್ಕವು, ಒಂದೊಂದು ಊರಿನವು, ಬಹುಮಟ್ಟಿಗೆ ಜೂನ್ ಜುಲೈ ತಿಂಗಳಿನವು. ಕಾಲೇಜು ಶುರುವಾದ ಮೊದಲ ವಾರಗಳಲ್ಲಿ ತುಂಬಿದ ಬಸ್ಸು ನಿಲ್ಲಿಸದೆ ಹೋಗುತ್ತದೆ. ಮೂರನೇ ದಿನ ಹುಡುಗರು ಹುಡುಗಿಯರು ಚೀಲ ಬೆನ್ನಿಗೇರಿಸಿಕೊಂಡೇ ರಸ್ತೆಯಲ್ಲಿ ಕೂರುತ್ತಾರೆ. ಡಿಪೋ ಮ್ಯಾನೇಜರ್ ಬಂದು ಒಂದು ಹೆಚ್ಚಿನ ಟ್ರಿಪ್ಪು ಒಪ್ಪಿಕೊಳ್ಳುತ್ತಾರೆ. ಜಿಲ್ಲಾ ಪುಟಗಳಲ್ಲಿ ನಾಲ್ಕು ಸಾಲಿನ ಸುದ್ದಿ. ನಾಲ್ಕು ತಾಲೂಕುಗಳ ಬಸ್ಸಿನ ವೇಳಾಪಟ್ಟಿಯಲ್ಲಿ ಇಂದು ಇರುವ ಎಷ್ಟೋ ಟ್ರಿಪ್ಪುಗಳು ಹುಟ್ಟಿದ್ದು ಇಂಥ ನಾಲ್ಕು ಸಾಲುಗಳಿಂದ.

ಅದರಲ್ಲೂ ಹೆಣ್ಣುಮಕ್ಕಳ ಮಾತು ಬೇರೆ. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಪಕ್ಕದೂರಿನ ಹೈಸ್ಕೂಲಿನ ತನಕ ಸಾಕಾಯಿತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಾಲೇಜು ಇರುವುದು ತಾಲೂಕು ಊರಲ್ಲಿ, ಇಲ್ಲವೇ ಹುಬ್ಬಳ್ಳಿ ಧಾರವಾಡಗಳಲ್ಲಿ. ನವಲಗುಂದ, ಅಣ್ಣಿಗೇರಿಗಳಿಂದ ಹುಬ್ಬಳ್ಳಿ ಮೂವತ್ತೈದು ಕಿಲೋಮೀಟರಿನ ಆಸುಪಾಸು, ಸೈಕಲ್ ಮೆಟ್ಟುವ ದಾರಿ ಅಲ್ಲ. ಮಗಳು ಕತ್ತಲಾಗುವ ಮುಂಚೆ ಮನೆ ಸೇರುತ್ತಾಳೆ ಎಂಬ ಖಾತ್ರಿ ಇದ್ದರೆ ಓದು ಮುಂದುವರಿಯುತ್ತದೆ. ಸಂಜೆಯ ಬಸ್ಸು ಎರಡು ವಾರ ತಪ್ಪಿದರೆ ಮನೆಯಲ್ಲಿ ಮದುವೆಯ ಮಾತು ಬರುತ್ತದೆ. ಸಂಜೆ ಐದರ ನಂತರದ ಒಂದು ಟ್ರಿಪ್ಪನ್ನು ಕಿತ್ತುಹಾಕುವ ಮೊದಲು ಅಧಿಕಾರಿಗಳು ಆ ಊರಿನ ಪಿಯುಸಿ ಹುಡುಗಿಯರನ್ನು ಎಣಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ದರದ ವಿಷಯಕ್ಕೆ ಬರೋಣ. ಸಾರಿಗೆ ದರಕ್ಕಾಗಿ ನಡೆದ ಹೋರಾಟ ಎಂದರೆ ಓದಿದವರಿಗೆ 1953ರ ಕಲ್ಕತ್ತ ನೆನಪಾಗುತ್ತದೆ. ಬ್ರಿಟಿಷ್ ಒಡೆತನದ ಟ್ರಾಮ್ ಕಂಪನಿ ಎರಡನೆಯ ದರ್ಜೆಯ ದರವನ್ನು ಒಂದು ಪೈಸೆ ಏರಿಸಿದ್ದಕ್ಕೆ ಇಡೀ ನಗರ ಬೀದಿಗಿಳಿದು ಆ ಏರಿಕೆಯನ್ನು ಹಿಂತೆಗೆಸಿತು. ಟ್ರಾಮು ಅಲ್ಲಿ ಮೊದಲೇ ಓಡುತ್ತಿತ್ತು, ಪ್ರಶ್ನೆ ಪೈಸೆಯದಾಗಿತ್ತು. ನಮ್ಮ ಹಳ್ಳಿಗಳಲ್ಲಿ ದರ ಎರಡನೆಯ ಪ್ರಶ್ನೆ. ಸರ್ಕಾರಿ ಬಸ್ಸು ಬಾರದ ಊರವರು ಟಂಟಂಗೆ, ಟ್ರ್ಯಾಕ್ಸಿಗೆ ಕೈ ಒಡ್ಡುತ್ತಾರೆ. ಅಲ್ಲಿ ಗಾಡಿ ತುಂಬುವ ತನಕ ಕಾಯಬೇಕು, ಹಿಂದಿನ ಮೆಟ್ಟಿಲ ಮೇಲೆ ಜೋತುಬೀಳಬೇಕು, ಹೇಳಿದಷ್ಟು ಕೊಡಬೇಕು. ವಿದ್ಯಾರ್ಥಿಗೆ ಪಾಸಿಲ್ಲ, ಮುದುಕರಿಗೆ ರಿಯಾಯಿತಿ ಇಲ್ಲ. ಟಂಟಂ ಓಡಿಸುವ ಹುಡುಗನದೂ ಹೊಟ್ಟೆಪಾಡು, ಆತನನ್ನು ದೂರಬೇಕಿಲ್ಲ. ಆದರೆ ಬಡವರ ಕಿಸೆಗೆ ಬಸ್ ದರಕ್ಕಿಂತ ಭಾರವಾದದ್ದು ಬಸ್ಸು ಇಲ್ಲದಿರುವುದೇ.

ರಿಯಾಯಿತಿ ದರದ ವಿದ್ಯಾರ್ಥಿ ಪಾಸು ಈ ಭಾಗದ ಶಿಕ್ಷಣಕ್ಕೆ ಮಾಡಿದ ಉಪಕಾರವನ್ನು ಅಳೆಯುವುದು ಕಷ್ಟ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಅದಕ್ಕಿಂತ ದೊಡ್ಡ ಹೆಜ್ಜೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್. 2025ರ ಜುಲೈ 14ಕ್ಕೆ ಇಂಥ ಪ್ರಯಾಣಗಳ ಸಂಖ್ಯೆ ರಾಜ್ಯದಲ್ಲಿ 500 ಕೋಟಿ ಮುಟ್ಟಿತು. ಕುಂದಗೋಳದ ಕಡೆಯಿಂದ ಹುಬ್ಬಳ್ಳಿಯ ಮನೆಗೆಲಸಕ್ಕೆ ಹೋಗುವವರು, ಅಣ್ಣಿಗೇರಿ ಕಡೆಯಿಂದ ಆಸ್ಪತ್ರೆಗೆ ಹೋಗುವ ಅಜ್ಜಿಯರು, ಯಾರ ಮುಂದೂ ಕೈ ಚಾಚದೆ ತವರಿಗೆ ಹೊರಟ ಹೆಣ್ಣುಮಕ್ಕಳು: ಇವರೆಲ್ಲ ಮೊದಲ ಸಲ ಊರ ಹೊರಗಿನ ಲೋಕವನ್ನು ತಮ್ಮ ಲೆಕ್ಕದಲ್ಲಿ ನೋಡಿದರು. ಇದನ್ನು ಬಿಟ್ಟಿ ಎಂದು ಹಗುರವಾಗಿ ಆಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಜನ ಹೆಚ್ಚಿದಷ್ಟು ಬಸ್ಸು ಹೆಚ್ಚಲಿಲ್ಲ. ಬೆಳಗಿನ ಗಾಡಿಯಲ್ಲಿ ಪಾಸು ಹಿಡಿದ ಹುಡುಗ ಬಾಗಿಲಿಗೆ ಜೋತುಬಿದ್ದಿರುತ್ತಾನೆ. 2020ರ ಫೆಬ್ರುವರಿಯಲ್ಲಿ ಶೇ 12, 2025ರ ಜನವರಿ 5ರಿಂದ ಶೇ 15 ಏರಿದ ದರವನ್ನು ಕೊಡುವವರು ಈಗ ಕೂಲಿಗೆ ಹೋಗುವ ಗಂಡಸರು. ಟಿಕೆಟ್ಟಿನ ಬೆಲೆಯನ್ನು ಸೊನ್ನೆ ಮಾಡಿದ ಸರ್ಕಾರ ಟ್ರಿಪ್ಪುಗಳ ಸಂಖ್ಯೆಯ ಕಡೆಗೂ ಅಷ್ಟೇ ಧಾರಾಳವಾಗಿ ನೋಡಬೇಕಿತ್ತು.

ಕೋವಿಡ್ ಕಾಲವನ್ನು ಇಲ್ಲಿ ನೆನೆಯಲೇಬೇಕು. 2020ರ ಮಾರ್ಚಿನಲ್ಲಿ ನಿಂತ ಬಸ್ಸುಗಳು ಮೇ ತಿಂಗಳಲ್ಲಿ ದೊಡ್ಡ ದಾರಿಗಳಲ್ಲಿ ಮತ್ತೆ ಓಡಿದವು. ಒಳದಾರಿಯ ಹಳ್ಳಿಗಳ ಸರದಿ ಕೊನೆಗೆ ಬಂತು. ನಡುವೆ ಆರನೆಯ ವೇತನ ಆಯೋಗದ ಸಮಾನ ಸಂಬಳ ಕೇಳಿ ಸಾರಿಗೆ ನೌಕರರು 2021ರ ಏಪ್ರಿಲ್ 7ರಿಂದ ಎರಡು ವಾರ ಮುಷ್ಕರ ಹೂಡಿದರು. ಜನಕ್ಕೆ ತೊಂದರೆಯಾಯಿತು, ನಿಜ. ಆದರೆ ವಸ್ತಿ ಬಸ್ಸಿನ ಸೀಟಿನ ಮೇಲೆ ಮಲಗುವ ಮನುಷ್ಯನಿಗೆ ಸರಿಯಾದ ಸಂಬಳ ಕೊಡದೆ ಹಳ್ಳಿಗೆ ಒಳ್ಳೆಯ ಸೇವೆ ಕೊಡುತ್ತೇವೆ ಅನ್ನುವುದು ಆಗದ ಮಾತು. ಈ ಎರಡು ಬೇಡಿಕೆಗಳೂ ಒಂದೇ ಪತ್ರದಲ್ಲಿ ಬರಬೇಕಾದಂಥವು.

2020ರ ಫೆಬ್ರುವರಿ 2ರಂದು ಹುಬ್ಬಳ್ಳಿ–ಧಾರವಾಡ ನಡುವಿನ ‘ಚಿಗರಿ’ ಸೇವೆ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಇಪ್ಪತ್ತೆರಡು ಕಿಲೋಮೀಟರಿನ ಮೀಸಲು ದಾರಿ, ಹವಾನಿಯಂತ್ರಿತ ಬಸ್ಸು, ಎತ್ತರದ ನಿಲ್ದಾಣ. ಅವಳಿ ನಗರಕ್ಕೆ ಅದು ಬೇಕಿತ್ತು. ಹಳ್ಳಿಯಿಂದ ಬಂದ ವಿದ್ಯಾರ್ಥಿಯೂ ಅದರಲ್ಲಿ ಕೂರುತ್ತಾನೆ. ಆದರೆ ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 52ರ ಬದಿಯ ಕ್ರಾಸುಗಳಲ್ಲಿ ವಿಜಯಪುರ, ಅಂಕೋಲಾ ಕಡೆಯ ಗಾಡಿಗಳು ಭರ್ರೆಂದು ಹಾದುಹೋಗುವುದನ್ನು ನೋಡುತ್ತ ಜನ ಬಿಸಿಲಲ್ಲಿ ನಿಂತಿರುತ್ತಾರೆ. ಗದಗ ಹೆದ್ದಾರಿಯದೂ ಇದೇ ಪಾಡು. ಹೆದ್ದಾರಿ ಅಗಲವಾದಷ್ಟೂ ಹಳ್ಳಿಗೆ ಬಸ್ಸು ದೂರವಾಯಿತು ಎಂದು ಹಿರಿಯರು ಹೇಳುವುದುಂಟು. ವೇಗದೂತ ಗಾಡಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಕ್ರಾಸುಗಳಲ್ಲಿ ನಿಲುಗಡೆ ಕೊಡಿ ಎಂಬುದು ಈ ಊರುಗಳ ಬಹಳ ಹಳೆಯ, ಬಹಳ ಅಗ್ಗದ ಬೇಡಿಕೆ. ಅದಕ್ಕೆ ಹೊಸ ಬಸ್ಸು ಬೇಡ, ಹೊಸ ಡ್ರೈವರ್ ಬೇಡ. ಒಂದು ಆದೇಶ ಸಾಕು.

ಮತ್ತೆ ಕಾಯ್ದೆಗೇ ಬರುತ್ತೇನೆ. 18 ಮತ್ತು 22ರ ನಡುವಿನ ಜಗಳದ ಬಗ್ಗೆ ಹೇಳಿದೆ. ಅವೆರಡಕ್ಕೂ ಮೊದಲು 17ನೇ ಕಲಮು ಇದೆ. ನಿಗಮಕ್ಕೆ ಸಲಹಾ ಮಂಡಳಿಗಳನ್ನು ರಚಿಸಲು ರಾಜ್ಯ ಸರ್ಕಾರಕ್ಕೆ ಅದು ಅವಕಾಶ ಕೊಡುತ್ತದೆ. ಅಂಥ ಮಂಡಳಿಯಲ್ಲಿ ಈ ನಾಲ್ಕು ತಾಲೂಕುಗಳ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿಯವಳೊಬ್ಬಳು, ಗ್ರಾಮ ಪಂಚಾಯ್ತಿ ಸದಸ್ಯರೊಬ್ಬರು, ಹಳೆಯ ಕಂಡಕ್ಟರ್ ಒಬ್ಬರು ಕೂತರೆ ವೇಳಾಪಟ್ಟಿಯ ಮಾತು ರಸ್ತೆ ತಡೆಯ ತನಕ ಬೆಳೆಯಬೇಕಾಗಿಲ್ಲ. ಮಂಡಳಿ ರಚನೆಯಾಗುವುದಕ್ಕೆ ಮೊದಲೇ ಮಾಡಬಹುದಾದ ಕೆಲಸವೂ ಇದೆ. ಕಾಲೇಜುಗಳು ತೆರೆಯುವ ಮುನ್ನ, ಮೇ ತಿಂಗಳ ಕೊನೆಯ ವಾರದಲ್ಲಿ, ಪ್ರತಿ ಡಿಪೋದವರು ತಮ್ಮ ಹಳ್ಳಿಗಳ ಬೆಳಗಿನ ಮೊದಲ ಮತ್ತು ಸಂಜೆಯ ಕೊನೆಯ ಟ್ರಿಪ್ಪಿನ ವೇಳೆಯನ್ನು ಗ್ರಾಮ ಪಂಚಾಯ್ತಿಯ ಹಲಗೆಗೆ ಹಚ್ಚಿ, ತಕರಾರು ಹೇಳಲು ಒಂದು ವಾರ ಕೊಡಲಿ. ಈ ಬರಹ ಸಂಸ್ಥೆಯ ಅಧಿಕಾರಿಗಳ ಮೇಜಿಗೂ ಹೋಗುತ್ತದೆ ಎಂಬ ಭರವಸೆಯಿಂದ ಈ ಬೇಡಿಕೆಯನ್ನು ಇಲ್ಲಿ ದಾಖಲಿಸಿದ್ದೇನೆ. ಮುಂದಿನ ಮೇ ತಿಂಗಳಿಂದಲೇ ಶುರು ಮಾಡಬಹುದು.